ಧಾರೆ ಸೀರೆಗೊಂದು ಅಡಿಟಿಪ್ಪಣಿ

ಹಾಸನದ ಹಂಸ ಮೇಡಂ ಶನಿವಾರದ ಪಾಠವನ್ನು ಯಾವತ್ತೂ ಒಂದೇ ಗಾದೆಯಿಂದ ಶುರು ಮಾಡುತ್ತಿದ್ದರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.’ ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದುದು ಕನ್ನಡ. ಶನಿವಾರ ಮಧ್ಯಾಹ್ನ ಮಾತ್ರ ಗ್ರಂಥಾಲಯದ ಕಂಪ್ಯೂಟರುಗಳ ಮುಂದೆ ಒಂದಷ್ಟು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಯಾರು ಬೇಕಾದರೂ ಬರೆಯಬಹುದಾದ ಅಂತರಜಾಲ ವಿಶ್ವಕೋಶಕ್ಕೆ ಕನ್ನಡದಲ್ಲಿ ಲೇಖನ ಬರೆಯುವುದನ್ನು ಹೇಳಿಕೊಡುತ್ತಿದ್ದರು. ಸಂಬಳವಿಲ್ಲದ ಕೆಲಸ. ಆದರೂ ಸಂಬಳದ ಕೆಲಸಕ್ಕಿಂತ ಇದರಲ್ಲೇ ಅವರಿಗೆ ಗತ್ತು ಜಾಸ್ತಿ.

“ವಾಕ್ಯ ಅಂದಮೇಲೆ ಅದರ ಕೆಳಗೆ ಆಕರ ಇರಬೇಕು. ಯಾವ ಪತ್ರಿಕೆ, ಯಾವ ಪುಸ್ತಕ, ಯಾವ ತಾರೀಕು. ಅಡಿಟಿಪ್ಪಣಿ ಇಲ್ಲದ ವಾಕ್ಯ ವಿಳಾಸ ಬರೆಯದ ಕವರಿದ್ದ ಹಾಗೆ. ಎಲ್ಲಿಂದ ಬಂತು, ಯಾರು ಕಳಿಸಿದರು, ಯಾರಿಗೂ ಗೊತ್ತಾಗಲ್ಲ,” ಎಂದು ಅವರು ಹೇಳುತ್ತಿರುವಾಗಲೇ ಬಾಗಿಲಲ್ಲಿ ಒಬ್ಬ ಯುವಕ ಬಂದು ನಿಂತ. ಕಂಕುಳಲ್ಲಿ ಲಗ್ನಪತ್ರಿಕೆಗಳ ಕಟ್ಟು. ಪತ್ರಿಕೆ ಹಂಚಲು ಹೊರಟವನ ಮುಖದಲ್ಲಿ ಇರಬೇಕಾದ ಕಳೆ ಮಾತ್ರ ಇರಲಿಲ್ಲ.

“ಹಂಸ ಮೇಡಂ ಅಂದ್ರೆ ನೀವೇನಾ? ನಾನು ರವೀಂದ್ರ ಅಂತ. ಮಲ್ಲಿಪಟ್ಣದೋನು. ಸ್ನೇಹಲತಾ ನಮ್ಮಕ್ಕ.”

ಹಂಸರ ಮುಖ ಅರಳಿತು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಹೆಸರು ಮಾಡಿದ ವಸ್ತ್ರವಿನ್ಯಾಸಕಿ ಸ್ನೇಹಲತಾ. ಅವಳ ಉಡುಪು ತೊಟ್ಟು ದೊಡ್ಡ ದೊಡ್ಡವರು ವೇದಿಕೆಯ ಮೇಲೆ ನಡೆದಿದ್ದಾರೆ. ಅವಳ ಬಗ್ಗೆ ಹಂಸ ಬರೆದ ಲೇಖನವೇ ಅವರ ಲೇಖನಗಳಲ್ಲೆಲ್ಲ ಅತಿ ಹೆಚ್ಚು ಜನ ಓದಿದ್ದು. ಧನ್ಯವಾದ ಹೇಳಲು ಬಂದಿರಬೇಕು ಎಂದುಕೊಂಡು ಅವರು ಕುರ್ಚಿ ಎಳೆದು ಕೊಟ್ಟರು.

ರವೀಂದ್ರ ಕೂರಲಿಲ್ಲ. ಫೋನು ತೆಗೆದು ಪರದೆಯ ಮೇಲೆ ಒಂದು ಸಾಲಿಗೆ ಬೆರಳಿಟ್ಟ. ‘ಸ್ನೇಹಲತಾ ಅವರ ಮೊದಲ ರೇಷ್ಮೆ ಗೌನು, ತಾಯಿ ಲಕ್ಕಮ್ಮನವರು ತಮ್ಮ ಧಾರೆ ಸೀರೆಯನ್ನೇ ಕತ್ತರಿಸಿ ಕೊಟ್ಟ ಬಟ್ಟೆಯಿಂದ ತಯಾರಾದದ್ದು.’ ಸಾಲಿನ ಕೊನೆಯಲ್ಲಿ ಎರಡು ಪುಟ್ಟ ಅಂಕಿಗಳು, ಎರಡು ಅಡಿಟಿಪ್ಪಣಿ.

“ಪುಟದ ಹಳೇ ಆವೃತ್ತಿಲಿ ನಿಮ್ಮ ಹೆಸರು ಅದೆ. ಇದು ಬರ್ದಿರೋದು ನೀವೇನಾ?”

“ಹೌದಪ್ಪ. ಲೇಖನದಲ್ಲಿ ನನಗೆ ತುಂಬ ಇಷ್ಟವಾದ ಸಾಲು ಅದು.”

“ಈ ಸಾಲಿಂದ ನನ್ ಮದ್ವೆ ನಿಂತೋಗೋ ಹಂಗಾಗದೆ ಮೇಡಂ.”

ವಿದ್ಯಾರ್ಥಿಗಳು ಕೀಲಿಮಣೆ ಬಿಟ್ಟು ಇತ್ತ ತಿರುಗಿದರು. ಹಂಸ ಅವನನ್ನು ವರಾಂಡಕ್ಕೆ ಕರೆದುಕೊಂಡು ಬಂದರು. ಅವನು ಹೇಳಿದ ಸಂಗತಿ ಇಷ್ಟು. ಅಕ್ಕನ ಆ ಗೌನು ಹೆಸರು ಮಾಡಿದ ಮರುವರ್ಷವೇ ಅವರಪ್ಪ ಪುಟ್ಟಸ್ವಾಮಿ ಎದೆನೋವಿನಿಂದ ತೀರಿಕೊಂಡರು. ಈಗ ರವೀಂದ್ರನಿಗೆ ಚನ್ನರಾಯಪಟ್ಟಣದ ಹುಡುಗಿ ಗೊತ್ತಾಗಿದ್ದಾಳೆ. ನಾಳೆ ಬಿಟ್ಟು ಮುಂದಿನ ಭಾನುವಾರ ಧಾರೆ. ಹುಡುಗಿಯ ಕಡೆಯ ಯಾರೋ ಸ್ನೇಹಲತಾಳ ಹೆಸರು ಹುಡುಕಿ ಈ ಸಾಲು ಓದಿದ್ದಾರೆ. ಅದು ಹುಡುಗಿಯ ಅಜ್ಜಿ ಲಕ್ಷ್ಮಿದೇವಮ್ಮನ ಕಿವಿಗೆ ಬಿದ್ದಿದೆ. ಅಜ್ಜಿ ಒಂದೇ ಪಟ್ಟು ಹಿಡಿದಿದ್ದಾರೆ. ಧಾರೆ ಸೀರೆಗೆ ಕತ್ತರಿ ಹಾಕಿ ಗಂಡನನ್ನು ಕಳಕೊಂಡವಳು ನನ್ನ ಮೊಮ್ಮಗಳ ಧಾರೆಗೆ ಬರಕೂಡದು.

“ನಮ್ಮಲ್ಲಿ ಹೆಣ್ಣಿಗೆ ಧಾರೆ ಸೀರೆ ಕೊಡೋಳು ಗಂಡಿನ ತಾಯಿ. ಅದ ಬ್ಯಾರೆಯೋರು ಕೊಡ್ಲಿ ಅಂತಾರೆ. ನಮ್ಮವ್ವ ‘ನಾನ್ ಮನೇಲೇ ಇರ್ತೀನಿ, ನೀನ್ ತಾಳಿ ಕಟ್ಕೊಂಡ್ ಬಾ’ ಅಂತ ಕುಂತವ್ಳೆ. ಅವ್ವ ಇಲ್ದೆ ನಾನು ಹಸೆಮಣೆ ಮೇಲೆ ಕೂರಾಕಿಲ್ಲ.”

“ಸೀರೆ ಕತ್ತರಿಸಿದ್ದು ನಿಜ ತಾನೆ? ಅಮ್ಮನನ್ನೇ ಕೇಳಬಹುದಲ್ಲ?”

“ಕೇಳ್ದೆ. ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ಅಕ್ಕನಿಗೆ ಈ ಸುದ್ದಿ ಹೇಳಿದ್ರೆ ನನ್ನಾಣೆ ಅಂತ ಆಣೆ ಬೇರೆ ಹಾಕಿಸ್ಕೊಂಡವ್ಳೆ. ಅದುಕ್ಕೇ ನಿಮ್ಮತ್ರ ಬಂದೆ. ನಿಮಗೆ ಇದ ಯಾರು ಹೇಳಿದ್ದು ಮೇಡಂ?”

“ಎರಡು ಆಕರ ಇದೆಯಪ್ಪ. ನಾನು ಸುಮ್ಮಸುಮ್ಮನೆ ಬರೆಯೋಳಲ್ಲ,” ಎಂದರು ಹಂಸ, ಸ್ವಲ್ಪ ಬಿಗಿಯಾಗಿಯೇ. ರವೀಂದ್ರ ಲಗ್ನಪತ್ರಿಕೆಯ ಮೇಲೆ ತನ್ನ ಮತ್ತು ಅಕ್ಕನ ಫೋನ್ ನಂಬರು ಬರೆದುಕೊಟ್ಟು ಮೆಟ್ಟಿಲಿಳಿದ.

ಹೊಗಳಿ ಬರೆದ ಮಾತು ಒಬ್ಬ ಹೆಂಗಸಿನ ಕುತ್ತಿಗೆಗೆ ಬರುತ್ತದೆಂದು ಯಾರು ತಾನೆ ಎಣಿಸುತ್ತಾರೆ? ಪಾಪ ಅನ್ನಿಸಿ ಹಂಸ ಆ ಸಾಲನ್ನು ಅಳಿಸಿಯೇಬಿಟ್ಟರು. ಮನೆಗೆ ಹೋಗಿ ಕಾಫಿ ಕುಡಿದು ನೋಡುವಷ್ಟರಲ್ಲಿ ಸಾಲು ಮತ್ತೆ ಬಂದು ಕೂತಿತ್ತು. ಹಿಂದಿರುಗಿಸಿದವನು ವಂಶಿ. ಅವರದೇ ಹಳೆಯ ಶಿಷ್ಯ, ಈಗ ವಿಶ್ವಕೋಶದ ಮೇಲ್ವಿಚಾರಕರಲ್ಲಿ ಒಬ್ಬ. ಹಂಸ ಅವನಿಗೆ ಫೋನು ಮಾಡಿದರು.

“ಮನೆಯವರಿಗೆ ಬೇಡ ಅನ್ನಿಸಿತು ಅಂತ ಎರಡು ಆಕರ ಇರೋ ವಾಕ್ಯ ತೆಗೆಯೋಕಾಗುತ್ತಾ ಮೇಡಂ?” ಎಂದ ವಂಶಿ, ವಿನಯದಿಂದಲೇ. “ಒಂದು ಪತ್ರಿಕೆ ಲೇಖನ, ಇನ್ನೊಂದು ಸ್ನೇಹಲತಾ ಅವರದೇ ವೆಬ್‌ಸೈಟು. ಇವತ್ತು ಇದನ್ನ ಬಿಟ್ಟರೆ ನಾಳೆ ರಾಜಕಾರಣಿಗಳು ಬಂದು ತಮಗೆ ಬೇಡದ್ದೆಲ್ಲ ಅಳಿಸಿ ಅಂತಾರೆ. ಇದೆಲ್ಲ ನೀವೇ ಕಲಿಸಿದ್ದು. ಆಕರ ತಪ್ಪು ಅಂತ ತೋರಿಸಿ, ನಾನೇ ತೆಗೀತೀನಿ.”

ಅವನ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಹಂಸರಿಗೆ ಸಿಟ್ಟು ಬಂದದ್ದು ಅದಕ್ಕೇ.

ಮಾರನೆಯ ದಿನ ಬೆಳಿಗ್ಗೆ ಅವರು ಹೊಳೆನರಸೀಪುರದ ಬಸ್ಸು ಹತ್ತಿದರು. ಅದು ಅವರ ತವರೂರು. ಆದರೂ ನದಿ ದಾಟುವಾಗ ಇವತ್ತು ಯಾಕೋ ತವರಿಗೆ ಬಂದಂತೆ ಅನ್ನಿಸಲಿಲ್ಲ. ಮೊದಲ ಅಡಿಟಿಪ್ಪಣಿಯ ಲೇಖನ ಬಂದಿದ್ದುದು ಇಲ್ಲಿನ ‘ಹೊಳೆಸಾಲು’ ಎಂಬ ವಾರಪತ್ರಿಕೆಯಲ್ಲಿ. ಅದರ ಸಂಪಾದಕ, ವರದಿಗಾರ, ಜಾಹೀರಾತು ವಿಭಾಗ ಎಲ್ಲವೂ ಕೇದಾರ್ ಒಬ್ಬನೇ. ದೂರದ ನೆಂಟ, ವಯಸ್ಸಿನಲ್ಲಿ ಚಿಕ್ಕವನು.

“ಬನ್ನಿ ಹಂಸಕ್ಕ! ಇದೇನು ಹೇಳದೆ ಕೇಳದೆ?” ಎಂದು ಅವನು ಹಳೆಯ ಪತ್ರಿಕೆಗಳನ್ನು ಸರಿಸಿ ಜಾಗ ಮಾಡಿಕೊಟ್ಟ.

ಹಂಸ ಪೀಠಿಕೆ ಹಾಕಲಿಲ್ಲ. “ಸ್ನೇಹಲತಾ ಮೇಲೆ ನೀನೊಂದು ಲೇಖನ ಬರೆದಿದ್ದೆಯಲ್ಲ, ಅವರಮ್ಮ ಧಾರೆ ಸೀರೆ ಕತ್ತರಿಸಿದ್ದು ನಿನಗೆ ಯಾರು ಹೇಳಿದರು?”

ಕೇದಾರ್ ನಕ್ಕ. “ನನ್ನ ಪರೀಕ್ಷೆ ಮಾಡ್ತಿದ್ದೀರಾ? ನಿಮ್ಮ ಪುಟದಿಂದಲೇ ತಗೊಂಡೆ. ಹಂಸಕ್ಕ ಬರೆದಿದ್ದಾರೆ ಅಂದ್ಮೇಲೆ ಮತ್ತೆ ನೋಡೋದೇನಿರುತ್ತೆ?”

“ನನ್ನ ಪುಟದಲ್ಲಿ ಆಕರ ಅಂತ ಇರೋದು ನಿನ್ನ ಲೇಖನ ಕಣೋ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಕೇದಾರ್‌ನ ಕಂಪ್ಯೂಟರಿನಲ್ಲಿ ಪುಟದ ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಸಾಲು ಮೊದಲು ಹುಟ್ಟಿದ್ದು ಹಂಸರ ಕೈಯಲ್ಲಿ. ಕೇದಾರ್‌ನ ಲೇಖನ ಬಂದದ್ದು ಅದಾದ ಮೇಲೆ. ‘ಹೊಳೆಸಾಲು’ ಪತ್ರಿಕೆಯಲ್ಲಿ ತಮ್ಮ ಮಾತು ಕಂಡ ಖುಷಿಗೆ ಹಂಸ ಅದನ್ನೇ ತಂದು ಅಡಿಟಿಪ್ಪಣಿ ಮಾಡಿ ಅಂಟಿಸಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದನಂತೆ ಒಬ್ಬ. ಇಲ್ಲಿ ಈಯಿತು ಅಂದವರೂ ಅವರೇ, ಕಟ್ಟು ಅಂದವರೂ ಅವರೇ.

“ಹಾಗಾದರೆ ನಿಮಗೆ ಮೊದಲು ಎಲ್ಲಿ ಸಿಕ್ತು?” ಎಂದು ಕೇದಾರ್ ಕೇಳಿದ.

ಮೊದಲು ಸಿಕ್ಕಿದ್ದು ಒಂದು ಮಾಸಪತ್ರಿಕೆಯ ಸಂದರ್ಶನ. ಅದನ್ನು ಹುಡುಕಿ ತೆಗೆದರು. ಅಲ್ಲಿ ಸ್ನೇಹಲತಾ ಹೇಳಿದ್ದು ಬರೀ ಇಷ್ಟೇ: ‘ನನ್ನ ಮೊದಲ ಗೌನಿಗೆ ಅವ್ವ ತನ್ನ ರೇಷ್ಮೆ ಸೀರೆ ಕೊಟ್ಟಳು.’ ಧಾರೆ ಎಂಬ ಮಾತಿನ ಸುಳಿವೇ ಇರಲಿಲ್ಲ.

ಬರೆಯುವಾಗ ತಮ್ಮ ತಲೆಯಲ್ಲಿ ಓಡಿದ್ದು ಹಂಸರಿಗೆ ಈಗ ಚೆನ್ನಾಗಿ ನೆನಪಾಯಿತು. ಹಳ್ಳಿಯ ಒಕ್ಕಲು ಮನೆಯ ಹೆಂಗಸಿಗೆ ಇನ್ನೆಲ್ಲಿಯ ರೇಷ್ಮೆ ಸೀರೆ? ಇದ್ದರೆ ಧಾರೆಯದ್ದೊಂದು ಇರಬೇಕು. ಅಷ್ಟೇ. ಅನುಮಾನ ಕೂಡ ಪಟ್ಟಿರಲಿಲ್ಲ.

“ಅಯ್ಯೋ ಅದಕ್ಕೆ ಯಾಕೆ ಇಷ್ಟು ಬೇಜಾರು?” ಎಂದ ಕೇದಾರ್. “ಹೊಗಳಿಯೇ ತಾನೆ ಬರೆದದ್ದು? ಓದಿದವರು ಫೋನ್ ಮಾಡಿ ಅತ್ತರು ಅಕ್ಕ. ವಾರಪತ್ರಿಕೆ ನಡೆಸೋದು ಅಂದರೆ ಸುಮ್ಮನೆ ಅಲ್ಲ, ಒಬ್ಬೊಬ್ಬರ ಮನೆಗೂ ಹೋಗಿ ಕೇಳಿ ಬರೆಯೋಕೆ ನನ್ನ ಹತ್ತಿರ ಜನ ಎಲ್ಲಿದ್ದಾರೆ?”

“ನನ್ನ ಹತ್ತಿರ ನಾನಿದ್ದೆನಲ್ಲೋ,” ಎಂದರು ಹಂಸ.

ಅಲ್ಲಿಂದಲೇ ಸ್ನೇಹಲತಾಗೆ ಫೋನು ಮಾಡಿದರು. ಎರಡನೆಯ ಅಡಿಟಿಪ್ಪಣಿಯಾದ ಅವಳ ವೆಬ್‌ಸೈಟಾದರೂ ಗಟ್ಟಿಯಾಗಿರಲಿ ಎಂದು ಒಂದು ಮನಸ್ಸು, ಆಗದಿರಲಿ ಎಂದು ಒಂದು ಮನಸ್ಸು. ಸ್ನೇಹಲತಾ ಮೊದಲು ನಯವಾಗಿಯೇ ಮಾತನಾಡಿದಳು.

“ಅದಾ? ನಮ್ಮ ವೆಬ್‌ಸೈಟ್ ಮಾಡಿಕೊಟ್ಟವರು ನಿಮ್ಮ ಪುಟ ನೋಡಿ ಬರೆದದ್ದು ಮೇಡಂ. ತುಂಬ ಚೆನ್ನಾಗಿ ಬರೆದಿದ್ದೀರ.”

“ನಿಜ ಯಾವುದಮ್ಮ? ಅದು ಧಾರೆ ಸೀರೆನಾ?”

“ಅಲ್ಲ,” ಎಂದಳು.

“ಗೊತ್ತಿದ್ದೂ ಯಾಕೆ ಬಿಟ್ಟಿರಿ?”

“ಜನಕ್ಕೆ ಆ ಕತೆ ಬೇಕಿತ್ತು ಮೇಡಂ. ಅದನ್ನ ಓದ್ಕೊಂಡೇ ಅಂಗಡಿಗೆ ಬರ್ತಾರೆ. ನನ್ನ ಬಟ್ಟೆ ಚೀಲದ ಮೇಲೂ ಅದೇ ಅಚ್ಚಾಗಿದೆ. ಈಗ ಸುಳ್ಳು ಅಂದ್ರೆ ನಾನು ಹೊಲಿದದ್ದೆಲ್ಲ ಸುಳ್ಳು ಅಂತಾರೆ. ನನ್ನ ಹತ್ರ ಕೆಲಸ ಮಾಡೋ ಹೆಣ್ಮಕ್ಕಳ ಗತಿ ಏನು? ಅದೂ ಅಲ್ದೆ, ಅದನ್ನ ಮೊದಲು ಬರೆದೋರು ನೀವು. ನಾನಲ್ಲ.”

ಹಂಸ ಮೆಲ್ಲಗೆ ಕೇಳಿದರು. “ನಿಮ್ಮಮ್ಮ ಮುಂದಿನ ಭಾನುವಾರ ಧಾರೆಗೆ ಬರ್ತಿಲ್ಲ. ಯಾಕೆ ಅಂತ ಗೊತ್ತಾ?”

“ಅವ್ವ ಬರಲ್ವಾ? ಯಾಕೆ?”

ಆಣೆ ಇದ್ದದ್ದು ರವೀಂದ್ರನಿಗೆ, ಹಂಸರಿಗಲ್ಲ. ಅವರು ಎಲ್ಲವನ್ನೂ ಹೇಳಿದರು. ಅಜ್ಜಿಯ ಮಾತು, ‘ಗಂಡನನ್ನು ಕಳಕೊಂಡವಳು’ ಎಂಬುದನ್ನೂ ಬಿಡದೆ. ಅವರು ಹೇಳಿ ಮುಗಿಸಿದ್ದೇ ಕರೆ ಕಡಿದುಹೋಯಿತು. ಮತ್ತೆ ಮಾಡಿದರೆ ಅವಳು ಎತ್ತಲಿಲ್ಲ.

ಸೋಮವಾರ ಕಾಲೇಜಿಗೆ ರಜೆ ಹಾಕಿ ಹಂಸ ಅರಕಲಗೂಡಿಗೆ ಹೋಗಿ, ಅಲ್ಲಿಂದ ಮಲ್ಲಿಪಟ್ಟಣದ ಬಸ್ಸು ಹಿಡಿದರು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಊರಿಗೆ ದೊಡ್ಡ ಮನೆಯೇ ಅದು. ಅಂಗಳದಲ್ಲಿ ಟ್ರ್ಯಾಕ್ಟರು, ಪಕ್ಕದಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು. ಜಗಲಿಯ ಮೇಲೆ ಬಿತ್ತನೆ ಆಲೂಗಡ್ಡೆ ರಾಶಿ. ನಾಲ್ಕಾರು ಆಳುಗಳ ನಡುವೆ ಲಕ್ಕಮ್ಮನೂ ಕೂತು ಗಡ್ಡೆ ಕೊಯ್ಯುತ್ತಿದ್ದರು. ಒಂದೊಂದು ಹೋಳಿಗೂ ಒಂದು ಮೊಳಕೆಗಣ್ಣು ಉಳಿಯುವಂತೆ ತಿರುಗಿಸಿ ನೋಡಿಯೇ ಚೂರಿ ಹಾಕುತ್ತಿದ್ದರು. ಮದುವೆ ಮನೆಯಾದರೂ ಬಿತ್ತನೆಯ ಹದ ಕಾಯುತ್ತದೆಯೇ?

ಹಂಸ ತಮ್ಮ ಗುರುತು ಹೇಳಿಕೊಂಡರು. ಲಕ್ಕಮ್ಮ ಚೂರಿ ಕೆಳಗಿಟ್ಟು, ಕೈ ಒರೆಸಿಕೊಂಡು, ಆಳುಗಳಿಗೆ ಕೇಳಿಸದಷ್ಟು ದೂರ ನಡುಮನೆಗೆ ಕರೆದೊಯ್ದು ಕೂರಿಸಿ ನೀರು ಬೆಲ್ಲ ಕೊಟ್ಟರು. ತನ್ನನ್ನು ಈ ಸ್ಥಿತಿಗೆ ತಂದವಳಿಗೆ ಬೆಲ್ಲ ಕೊಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು. ಹಂಸ ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡರು.

“ನಂದು ತಪ್ಪಾಯಿತಮ್ಮ. ನಿಮ್ಮ ಮಗಳು ರೇಷ್ಮೆ ಸೀರೆ ಅಂದಿದ್ದರು. ಧಾರೆ ಸೀರೆಯೇ ಇರಬೇಕು ಅಂತ ನಾನೇ ಅಂದುಕೊಂಡು ಬರೆದುಬಿಟ್ಟೆ.”

“ಯಾಕಂಗ್ ಅಂದ್ಕಂಡ್ರಿ?”

ಹಂಸ ತಲೆ ತಗ್ಗಿಸಿದರು. “ನಿಮ್ಮ ಹತ್ತಿರ ಬೇರೆ ರೇಷ್ಮೆ ಸೀರೆ ಇರಲಿಕ್ಕಿಲ್ಲ ಅಂತ.”

ಲಕ್ಕಮ್ಮನಿಗೆ ನಗು ಬಂತು. ಖುಷಿಯ ನಗುವಲ್ಲ. “ಅಯ್ಯೋ ನನ್ ತಾಯಿ! ಆಲೂಗಡ್ಡೆಗೆ ರೇಟ್ ಬಂದ್ ವರ್ಷ ಆಸನಕ್ಕೋಗಿ ನಾನೇ ಆರಿಸ್ಕಂಡ್ ತಂದ ಸೀರೆ ಕಣಮ್ಮ ಅದು. ಬೀರು ತಗ್ದು ತೋರಿಸ್ಲಾ, ಇನ್ನೂ ಎಷ್ಟವೆ ಅಂತ? ಮಲ್ಲಿಪಟ್ಣಕ್ಕೆ ಬಸ್ ಬತ್ತಿರ್ನಿಲ್ವಾ? ಒಂದ್ ಮಾತು ಬಂದು ಕೇಳ್ಬಾರ್ದಾಗಿತ್ತಾ?”

“ನಮ್ಮ ವಿಶ್ವಕೋಶದಲ್ಲಿ ಹಾಗೆ ನಿಯಮ ಅಮ್ಮ. ಅಚ್ಚಾಗಿದ್ದನ್ನ ಮಾತ್ರ ನಂಬಬೇಕು. ಬಾಯಿಮಾತು ನಡೆಯಲ್ಲ.”

“ನನ್ ಬಾಯ್ಮಾತ್ ನಡ್ಯಾಕಿಲ್ಲ. ನಿಮ್ ಮನ್ಸಿಗ್ ಬಂದುದ್ದು ನಡೀತದಾ?”

ಇಪ್ಪತ್ತು ವರ್ಷದ ಪಾಠದಲ್ಲಿ ಹಂಸರನ್ನು ಯಾವ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಲಕ್ಕಮ್ಮನಿಗೇ ಅಯ್ಯೋ ಅನ್ನಿಸಿತೋ ಏನೋ, ಎದ್ದು ಒಳಕೋಣೆಗೆ ಹೋಗಿ ಒಂದು ಗಂಟು ತಂದು ಮುಂದಿಟ್ಟು ಬಿಚ್ಚಿದರು. ಒಳಗೆ ಕೆಂಪು ಅಂಚಿನ ಸೀರೆ. ಬಿಳಿ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿದ್ದು, ಈಗ ಬಣ್ಣ ಮಾಸಿ ಹಳೆ ಬೆಣ್ಣೆಯ ಹಾಗಿತ್ತು. ಹಂಸ ಮುಟ್ಟಿ ನೋಡಿದರು. ನೂಲಿನ ಸೀರೆ.

“ಇದೇ ನನ್ ಧಾರೆ ಸೀರೆ. ನಮ್ ಮನೆಗಳಲ್ಲಿ ಆವಾಗ ಧಾರೆಗೆ ರೇಷ್ಮೆ ಎಲ್ಲಿತ್ತು? ಇಂಥದ್ದೇ ಎಲ್ರಿಗೂ. ಇದ್ರಲ್ಲಿ ಗೌನೊಲಿದ್ರೆ ಯಾರಮ್ಮ ಆಕ್ಕತ್ತಾರೆ?”

ತಮ್ಮ ಮನೆಯಲ್ಲಿ ಅಮ್ಮನದು, ಅಜ್ಜಿಯದು ಎಲ್ಲ ಧಾರೆ ಸೀರೆಗಳೂ ರೇಷ್ಮೆ. ಅದನ್ನೇ ಹಂಸ ಜಗತ್ತಿಗೆಲ್ಲ ಹೊಂದಿಸಿಬಿಟ್ಟಿದ್ದರು. ಅವರು ಗಡಬಡಿಸಿ ಫೋನು ತೆಗೆದರು. “ಇದರದ್ದೊಂದು ಫೋಟೋ ತಗೋತೀನಮ್ಮ. ಬೀಗರಿಗೆ ತೋರಿಸಿದರೆ ಮುಗೀತು. ಕತ್ತರಿ ಬಿದ್ದಿಲ್ಲ ಅಂತ ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ.”

ಲಕ್ಕಮ್ಮ ಸೀರೆಯ ಮೇಲೆ ಎರಡೂ ಕೈ ಇಟ್ಟು ಮುಚ್ಚಿಬಿಟ್ಟರು. “ಬ್ಯಾಡ. ಇದ ತೋರ್ಸುದ್ರೆ ನನ್ ಮಗ್ಳು ಸುಳ್ಳಿ ಅಂತ ಊರೆಲ್ಲ ಆಡ್ಕತ್ತದೆ. ಅಪ್ಪ ತೀರ್ಕಂಡ್ ಮೇಲೆ ಒಂಟಿಯಾಗ್ ನಿಂತು ಅನ್ನ ಕಂಡ್ಕಂಡವ್ಳೆ. ಅದುಕ್ ನಾನ್ ಕಲ್ ಆಕ್ಲಾ?”

“ಮತ್ತೆ ನಿಮ್ಮನ್ನ ಅನ್ನೋದು?”

“ಅನ್ಲಿ ಬುಡಿ. ಗಂಡ ಸತ್ತೋಳ್ನ ಅನ್ನಾಕೆ ಜನುಕ್ಕೆ ಏನಾರ ಒಂದ್ ಬೇಕು. ಸೀರೆ ಇಲ್ದಿದ್ರೆ ಕಾಲ್ಗುಣ ಅಂತಿದ್ರು.” ಅವರು ಗಂಟು ಕಟ್ಟಿದರು. “ಮುತ್ತೈದೆಯಾಗ್ ಸತ್ರೆ ನನ್ ಮೈಮೇಲೆ ಮುಚ್ಲಿ ಅಂತ ಇದ ಮಡಗಿದ್ದೆ. ಈಗ ಅದುಕ್ಕೂ ಇಲ್ಲ. ಯಾಕ್ ಮಡಗಿವ್ನೋ ನಂಗೇ ಗೊತ್ತಿಲ್ಲ.”

ಹೊರಡುವಾಗ ಒಂದು ಮಾತು ಕೊಟ್ಟರು. “ನಿಮ್ಮ ಮಗಳ ಹೆಸರು ಎತ್ತಲ್ಲ ಅಮ್ಮ. ತಪ್ಪು ನನ್ನದು ಅಂತ ನಾನೇ ಬರೀತೀನಿ.” ಹಾಗೆಯೇ ಅರಕಲಗೂಡಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಪುಟದ ಚರ್ಚೆಯ ಜಾಗದಲ್ಲಿ ತಮ್ಮ ಹೆಸರು ಹಾಕಿ ಬರೆದರು. ಈ ಸಾಲು ನಾನು ಊಹಿಸಿ ಬರೆದದ್ದು. ಎರಡು ಆಕರಗಳೂ ನನ್ನ ಸಾಲನ್ನೇ ನೋಡಿ ಬರೆದವು, ತಾರೀಕುಗಳನ್ನು ನೋಡಿ. ಶಿಷ್ಯರೆಲ್ಲ ಓದುತ್ತಾರೆಂದು ಗೊತ್ತಿದ್ದೇ ಬರೆದರು. ಸಂಜೆಯೊಳಗೆ ವಂಶಿ ಸಾಲನ್ನು ತೆಗೆದ.

ಅಲ್ಲಿಗೆ ಮುಗಿಯಿತು ಎಂದುಕೊಂಡದ್ದೇ ಬಂತು. ಶುಕ್ರವಾರ ರವೀಂದ್ರನ ಫೋನು.

“ಅಳಿಸಿರೋದನ್ನ ಬೀಗರಿಗೆ ತೋರಿಸ್ದೆ ಮೇಡಂ. ಅಜ್ಜಿ ಏನಂತು ಗೊತ್ತಾ? ಗುಟ್ಟು ಬಯಲಾಯ್ತು ಅಂತ ಈಗ ಅಳಿಸ್ಬುಟ್ಟವ್ರೆ ಅಂತು! ಸುಳ್ಳಾಗಿದ್ರೆ ಇಷ್ಟು ದಿವ್ಸ ಯಾಕಿತ್ತು ಅಂತ ಕೇಳ್ತದೆ. ಅಕ್ಕನೂ ಫೋನ್ ಎತ್ತಲ್ಲ. ನಾನಂತೂ ತೀರ್ಮಾನ ಮಾಡಿವ್ನಿ. ಮಂಟಪಕ್ಕೆ ಬತ್ತೀನಿ, ಜನ ಸೇರಿರ್ತಾರೆ, ಅವಮಾನ ಮಾಡಾಕಿಲ್ಲ. ಅವ್ವ ಬರ್ದಿದ್ರೆ ಹಸೆ ಮೇಲೆ ಮಾತ್ರ ಕೂರಾಕಿಲ್ಲ.”

ಪರದೆಯ ಮೇಲೆ ಅಳಿಸಬಹುದು, ಊರ ಬಾಯಿಂದ ಅಳಿಸುವುದು ಹೇಗೆ? ಹಂಸರಿಗೆ ಎರಡು ದಿನ ಅನ್ನ ಸೇರಲಿಲ್ಲ.

ಭಾನುವಾರ ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ ವಾಲಗ ಜೋರಾಗಿತ್ತು. ಮನುಷ್ಯರು ಮಾತ್ರ ಪಿಸುಗುಟ್ಟುತ್ತಿದ್ದರು. ಹುಡುಗಿ ಸಿಂ‌ಗಾರವಾಗಿ ಕೋಣೆಯಲ್ಲಿ ಅಳುತ್ತಿದ್ದಾಳೆ ಎಂದು ಒಬ್ಬರು, ಹುಡುಗ ಕೋಣೆಯ ಚಿಲಕ ಹಾಕಿಕೊಂಡಿದ್ದಾನೆ ಎಂದು ಇನ್ನೊಬ್ಬರು. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಎರಡು ಸಲ ಕರೆದಾಗಿತ್ತು. ಮೊದಲ ಸಾಲಿನ ಕುರ್ಚಿಯಲ್ಲಿ ಲಕ್ಷ್ಮಿದೇವಮ್ಮ ಕೋಲು ಹಿಡಿದು ನೆಟ್ಟಗೆ ಕೂತಿದ್ದರು. ಕೆಟ್ಟ ಮುದುಕಿ ಎಂದುಕೊಂಡು ಬಂದಿದ್ದ ಹಂಸರಿಗೆ, ಆ ಕೋಲಿನ ತುದಿ ನಡುಗುತ್ತಿದ್ದುದು ಕಂಡಿತು. ಮೊಮ್ಮಗಳ ತಾಳಿಯ ಭಯ ಅದು, ಹಟವಷ್ಟೇ ಅಲ್ಲ. ಹಂಸ ಅವರ ಮುಂದೆ ಹೋಗಿ ಬಗ್ಗಿದರು.

“ಅಜ್ಜಿ, ಆ ಸಾಲು ಬರೆದವಳು ನಾನು. ತಿಳಿಯದೆ ಬರೆದೆ. ಅದು ಸುಳ್ಳು.”

“ಒಂದ್ ದಪ ನಿಜ ಅಂತ ಬರದ್ರಿ. ಈಗ ಸುಳ್ಳು ಅಂತೀರಿ. ಯಾವ್ದ ನಂಬನವ್ವ ನಾನು?” ಎಂದರು ಅಜ್ಜಿ. ತಪ್ಪು ಬರೆದ ಕೈಯ ಸರಿ ಮಾತಿಗೂ ಬೆಲೆ ಇರುವುದಿಲ್ಲ. ಹಂಸ ಎದ್ದು ಪಕ್ಕಕ್ಕೆ ಬಂದು ನಿಂತರು. ಲಗ್ನಪತ್ರಿಕೆ ತಲುಪಿದ್ದರಿಂದಲೋ, ಸುದ್ದಿ ಸಿಗುತ್ತದೆಂದೋ ಕೇದಾರ್ ಕೂಡ ಬಂದು ಕಂಬದ ಬಳಿ ನಿಂತಿದ್ದ.

ಹೊರಗೆ ಕಾರು ನಿಂತ ಸದ್ದಾಯಿತು. ಬಾಗಿಲ ಕಡೆಯಿಂದ ಪಿಸುಮಾತು ಒಂದೊಂದೇ ಸಾಲಿನಲ್ಲಿ ನಿಲ್ಲುತ್ತ ಬಂತು. ಮೊದಲು ಕಂಡದ್ದು ಸ್ನೇಹಲತಾ, ಅಲಂಕಾರವೇ ಇಲ್ಲದ ಸಾದಾ ಸೀರೆಯಲ್ಲಿ. ಅವಳ ಕೈ ಹಿಡಿದು ಲಕ್ಕಮ್ಮ. ಮಾಸಿದ ಅರಿಶಿನ ಬಣ್ಣದ, ಕೆಂಪು ಅಂಚಿನ ನೂಲಿನ ಸೀರೆ ಉಟ್ಟಿದ್ದರು. ಹಣೆಯಲ್ಲಿ ಏನೂ ಇರಲಿಲ್ಲ. ಸೆರಗನ್ನು ಮಾತ್ರ ಪೂರ್ತಿ ಬಿಡಿಸಿ ಹೊದ್ದಿದ್ದರು. ಮಗಳು ಹಿಂದಿನ ರಾತ್ರಿಯೇ ಊರಿಗೆ ಬಂದು, ಬೆಳಿಗ್ಗೆ ತಾನೇ ಗಂಟು ಬಿಚ್ಚಿ, ತಾನೇ ನೆರಿಗೆ ಹಿಡಿದು ಉಡಿಸಿದ್ದಳೆಂದು ಆಮೇಲೆ ಗೊತ್ತಾಯಿತು.

ಸ್ನೇಹಲತಾ ನೇರ ಅಜ್ಜಿಯ ಮುಂದೆ ಬಂದು ನಿಂತಳು. ಬೆಂಗಳೂರಿನ ನಯ ಅವಳ ಮಾತಿನಿಂದ ಉದುರಿ ಹೋಗಿತ್ತು.

“ಅಜ್ಜಿ, ನನ್ ಗೌನು ಅವ್ವನ ಧಾರೆ ಸೀರೆದಲ್ಲ. ಸುಳ್ಳು ಅಂತ ಗೊತ್ತಿದ್ದೂ ನಾನ್ ಸುಮ್ನಿದ್ದೆ, ಯಾಪಾರ ಆಯ್ತದೆ ಅಂತ. ಅವ್ವ ನನ್ ಮಾನ ಉಳ್ಸಾಕೆ ಸುಮ್ನಿದ್ಲು. ನನ್ನ ಬಯ್ಯಿ. ಎಲ್ಲಾ ಕಡೆನೂ ಅದ ತಗಿಸಿವ್ನಿ. ಅವ್ವನ್ನ ಮಾತ್ರ ಏನೂ ಅನ್ಬ್ಯಾಡಿ.”

ಲಕ್ಷ್ಮಿದೇವಮ್ಮ ಅವಳನ್ನು ನೋಡಲಿಲ್ಲ. ಅವರ ಕಣ್ಣು ಸೀರೆಯ ಮೇಲಿತ್ತು. ಕೋಲು ಊರಿ ಎದ್ದು ಬಂದು ಸೆರಗಿನ ತುದಿ ಹಿಡಿದು, ಕೆಂಪು ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಹೋದರು. ಮಂಟಪದಲ್ಲಿ ವಾಲಗದವರೂ ನಿಲ್ಲಿಸಿದ್ದರು.

“ಚೆನ್ನಾಗ್ ನೋಡವ್ವ,” ಎಂದರು ಲಕ್ಕಮ್ಮ, ದನಿ ಎತ್ತದೆ. “ಎಲ್ಲೂ ಕತ್ತರಿ ಬಿದ್ದಿಲ್ಲ. ಆದ್ರೆ ಒಂದ್ ಮಾತು. ಬಿದ್ದಿದ್ರೂ ನಮ್ಮೆಜಮಾನ್ರು ಓಗೋ ದಿನುಕ್ಕೇ ಓಗೋರು. ನನ್ ಮಗ್ಳು ಕೇಳಿದ್ರೆ ಇದುನ್ನೂ ಕೊಡ್ತಿದ್ದೆ ನಾನು.”

ಅಜ್ಜಿಯ ಹೆಬ್ಬೆರಳು ನಿಂತಿತು.

“ನಂದೂ ಇಂಥದ್ದೇ ಇತ್ತು ಕಣವ್ವ,” ಎಂದರು. “ಇದೇ ಅಂಚು. ನಮ್ ಕಾಲ್ದಲ್ಲಿ ಧಾರೆಗೆ ರೇಷ್ಮೆ ಎಲ್ಲಿತ್ತು? ನಾನೇ ಉಟ್ಟೋಳಲ್ವಾ! ಫೋನಲ್ ಬಂದದೆ ಅಂದ್ರು, ರೇಷ್ಮೆ ಅಂತ ಓದುದ್ರು, ನಾನೂ ಹೂಂ ಅಂದ್ಬುಟ್ಟೆ. ನನ್ ಬುದ್ಧಿ ಎಲ್ಲಿ ಮೇಯಾಕ್ ಓಗಿತ್ತೋ.”

ಲಕ್ಕಮ್ಮನ ಬದಲಿಗೆ ಧಾರೆ ಸೀರೆಯ ತಟ್ಟೆ ಹಿಡಿದು ನಿಂತಿದ್ದ ಹುಡುಗನ ಸೋದರತ್ತೆಯ ಕಡೆ ಅವರು ಕೈ ಚಾಚಿದರು. ತಟ್ಟೆ ತೆಗೆದುಕೊಂಡು ಲಕ್ಕಮ್ಮನ ಕೈಗೆ ಇಟ್ಟರು. ಹಿಂದಿನಿಂದ ಯಾರೋ ಗಂಡಸರು, “ಅದೆಲ್ಲ ಸರಿ ಅಜ್ಜಿ, ಆದ್ರೂ ಗಂಡ ಇಲ್ದೋರು…” ಎಂದು ರಾಗ ಎಳೆದರು.

ಲಕ್ಷ್ಮಿದೇವಮ್ಮ ಕೋಲು ನೆಲಕ್ಕೆ ಕುಟ್ಟಿ ತಿರುಗಿದರು. “ನಂಗೆ ಗಂಡ ಅವ್ನೇನ್ಲಾ? ಈ ಗಂಡ ಇಲ್ದೋಳ್ ಮಾತ್ ಕೇಳಿ ಮದ್ವೆ ನಿಲ್ಸಾಕ್ ಒಂಟಿದ್ರಲ್ಲ ಎಲ್ರೂ, ಈಗ ಕೊಡ್ಸಾಕೂ ಅವ್ಳ ಮಾತೇ ಕೇಳಿ! ಓಗಿ, ಗಂಡುನ್ನ ಕರ್ಕಬನ್ನಿ.”

ಕರೆಯುವುದು ಬೇಕಾಗಲಿಲ್ಲ. ರವೀಂದ್ರ ಆಗಲೇ ಕೋಣೆಯ ಚಿಲಕ ತೆಗೆದು ಬಾಗಿಲಲ್ಲಿ ನಿಂತು ಅವ್ವನನ್ನು ನೋಡುತ್ತ, ಮದುಮಗನೆಂಬ ನಾಚಿಕೆಯೂ ಇಲ್ಲದೆ ಅಳುತ್ತಿದ್ದ. ಲಕ್ಕಮ್ಮ ಹುಡುಗಿಗೆ ಸೀರೆ ಕೊಟ್ಟರು. ಧಾರೆ ಆಯಿತು.

ಊಟದ ಹೊತ್ತಿಗೆ ಕೇದಾರ್ ಹಂಸರ ಬಳಿ ಓಡಿ ಬಂದ. ಅವನ ಮುಖ ಹೊಳೆಯುತ್ತಿತ್ತು. “ಅಕ್ಕ, ಎಂಥ ಸುದ್ದಿ! ತಾಯಿಯೇ ಧಾರೆ ಸೀರೆ ಉಟ್ಟು ಬಂದಿದ್ದು! ಫೋಟೋ ತೆಗೆದಿದ್ದೀನಿ. ಆಕೆಗೆ ಆಗ ಏನನ್ನಿಸಿರಬೇಕು ಅನ್ನೋದನ್ನ ಸ್ವಲ್ಪ ಚೆನ್ನಾಗಿ ಬರೆದುಬಿಟ್ಟರೆ ಈ ವಾರ ಮುಖಪುಟ. ಆಮೇಲೆ ನೀವು ಪುಟಕ್ಕೂ ಸೇರಿಸಬಹುದು, ಆಕರ ನಾನೇ ಕೊಡ್ತೀನಿ.”

ಹಂಸ ಅವನನ್ನೇ ನೋಡಿದರು. “ಅವರನ್ನ ಕೇಳಿದೆಯಾ?”

ಇಲ್ಲವೆಂದು ಕೇದಾರ್ ತಲೆ ಅಲ್ಲಾಡಿಸಿದ. ಫೋನನ್ನು ಜೇಬಿಗೆ ಹಾಕಿ, ಬಂಧುಗಳ ನಡುವೆ ದಾರಿ ಮಾಡಿಕೊಂಡು ಲಕ್ಕಮ್ಮ ಕೂತಲ್ಲಿಗೆ ಹೋದ. ಹಂಸ ಅವನ ಹಿಂದೆಯೇ ಹೋದರು.

“ಅಮ್ಮಾ, ನಾನು ಪತ್ರಿಕೆಯವನು. ನಿಮ್ಮನ್ನ ಒಂದು ಮಾತು ಕೇಳಬಹುದಾ?”

ಲಕ್ಕಮ್ಮ ತಲೆ ಎತ್ತಿದರು. ಅವನನ್ನು ನೋಡಿದರು, ಅವನ ಹಿಂದೆ ನಿಂತ ಹಂಸರನ್ನು ನೋಡಿದರು. ಪಕ್ಕದ ಎರಡು ಕುರ್ಚಿಗಳ ಮೇಲಿದ್ದ ತಾಂಬೂಲದ ಚೀಲಗಳನ್ನು ತೆಗೆದು ಕೆಳಗಿಟ್ಟರು.

“ಕೂತ್ಕಳಿ ಇಬ್ರೂ. ಊಟ ಆಯ್ತಾ?”

“ಇನ್ನೂ ಇಲ್ಲ ಅಮ್ಮ.”

“ಮೊದ್ಲು ಉಣ್ಣಿ. ನಾನ್ ಎಲ್ಲೂ ಓಗಾಕಿಲ್ಲ, ಆಮ್ಯಾಕ್ ನಿಧಾನುಕ್ ಕೇಳಿ.” ಅವರು ಹಂಸರ ಕೈ ಹಿಡಿದು ಕೂರಿಸಿಕೊಂಡರು. “ಕೇಳ್ದೆ ಮಾತ್ರ ಬರೀಬ್ಯಾಡಿ.”